ದೃಷ್ಟಿಯ ಜಂಟಿ ಖಾತೆ

ಕಾರವಾರದಲ್ಲಿ ಮೀನು ಮಾರುವ ಸೋಮಿ, ಹುಟ್ಟುಕುರುಡನಾದ ಗಂಡ ಸುಕ್ರನ ಜೊತೆ ಬ್ಯಾಂಕಿನಲ್ಲಿ ದೃಷ್ಟಿಯ ಜಂಟಿ ಖಾತೆ ತೆರೆದು ಹದಿನೆಂಟು ವರ್ಷವಾಗಿತ್ತು. ದಿನಾ ಮಧ್ಯಾಹ್ನ ತನ್ನ ನೋಟದಲ್ಲಿ ಒಂದಿಷ್ಟು ಜಮಾ ಮಾಡಿ, ಅಷ್ಟು ಹೊತ್ತು ಕತ್ತಲಲ್ಲಿ ಕೂತಿರುತ್ತಿದ್ದಳು. ಅವನು ಮಾತ್ರ ಒಮ್ಮೆಯೂ ತೆಗೆದವನಲ್ಲ. "ಅದು ನಿನ್ನ ಕಣ್ಣಿನದು, ನನಗೆ ಬೇಡ" ಅನ್ನುತ್ತಿದ್ದ.

ಇವತ್ತು ಅವಳೇ ಹಠಹಿಡಿದು ಖಾತೆಯಿಂದ ತೆಗೆಯುವ ಚೀಟಿಗೆ ಅವನ ಹೆಬ್ಬೆಟ್ಟು ಒತ್ತಿಸಿದಳು.

"ಒಂದು ಸಲಕ್ಕೆ ಒಂದು ಗಂಟೆ ಸಿಗುತ್ತದೆ, ಅಷ್ಟೆ. ಹೋಗಿ ಬನ್ನಿ" ಎಂದಳು ಗುಮಾಸ್ತೆ.

ಹೊರಗೆ ಬಂದ ಸುಕ್ರ ಕಡಲಿನ ಮುಂದೆ ನಿಂತೇಬಿಟ್ಟ.

"ಇಷ್ಟೊಂದಾ? ನೀನು ಬರೀ ನೀಲಿ ಅಂದಿದ್ದೆಯಲ್ಲೇ!"

ಅಷ್ಟು ವರ್ಷ ಆ ಕಡಲಿಗೆ ಬೆನ್ನು ಹಾಕಿ ಕೂತು ಮೀನು ಮಾರಿದ ಸೋಮಿ ಈಗ ತಿರುಗಿ ನೋಡಿದಳು. ನೋಡುತ್ತಲೇ ಉಳಿದಳು.

"ನಾನೂ ನೋಡಿರಲಿಲ್ಲ ಮಾರಾಯಾ" ಅಂದು ಅವನ ಕೈ ಹಿಡಿದುಕೊಂಡಳು.