ಒಂಬತ್ತನೆಯ ಕಾಗದ

ಒಂಬತ್ತನೆಯ ಕಾಗದ ಓದಿದ ಮಾಬೆನ್ ಮಾಸ್ತರರಿಗೆ ಮೈಯೆಲ್ಲ ಉರಿದುಹೋಯಿತು. ಪ್ರಾಟೆಸ್ಟೆಂಟರಾದ ಅವರು ಪಶ್ಚಾತ್ತಾಪದ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಅದನ್ನು ಓದಿದವರು ಒಬ್ಬೊಬ್ಬರಾಗಿ ಕಥೋಲಿಕರಾಗುತ್ತಿದ್ದರು. ಸಾಲದ್ದಕ್ಕೆ ಅವರಿಗೇ ಧನ್ಯವಾದದ ಕಾಗದ ಬರೆಯುತ್ತಿದ್ದರು. ಈ ಸಲ ಬರೆದವಳು ಅವರದೇ ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ.

ಕಾಗದ ಹಿಡಿದು ನೇರ ಕಥೋಲಿಕರ ಇಗರ್ಜಿಗೆ ನುಗ್ಗಿದರು. ಫಾದರ್ ಪಾಪನಿವೇದನೆಯ ಗೂಡಿನೊಳಗೆ ಕೂತು ಒಬ್ಬೊಬ್ಬರ ಪಾಪ ಕೇಳುತ್ತಿದ್ದರು. ಹೊರಗೆ ಉದ್ದದ ಸಾಲು.

“ಲೈನಲ್ಲಿ ಬನ್ನಿ,” ಎಂದು ಒಬ್ಬ ಅಜ್ಜಿ ಗದರಿಸಿದಳು.

ಮುಕ್ಕಾಲು ಗಂಟೆ ಹಲ್ಲು ಕಡಿಯುತ್ತ ನಿಂತರು. ಸರದಿ ಬಂದಾಗ ನೋಡಿದರೆ ಮಾತಾಡುವ ಜಾಲರಿ ಸೊಂಟದೆತ್ತರದಲ್ಲಿತ್ತು. ವಿಧಿಯಿಲ್ಲದೆ ಮೊಣಕಾಲೂರಿದರು.

“ಫಾದರ್, ನಾನು ಪಾಪ ಹೇಳ್ಲಿಕ್ಕೆ ಬಂದದ್ದಲ್ಲ, ಜಗಳಕ್ಕೆ ಬಂದದ್ದು. ನನ್ನ ಪುಸ್ತಕ ಓದಿದವರೆಲ್ಲ ನಿಮ್ಮಲ್ಲಿಗೆ ಯಾಕೆ ಬರ್ತಾರೆ? ದೇವರಿಗೆ ನೇರ ಹೇಳಿದ್ರೆ ಸಾಕು ಅಂತ ನಾನು ಬರೆದದ್ದು. ನಡುವೆ ಮನುಷ್ಯ ಯಾಕೆ?”

“ಪುಸ್ತಕ ನಾನೂ ಓದಿದ್ದೇನೆ ಮಾಸ್ಟ್ರೇ. ಅದ್ರಲ್ಲಿ ತಮ್ಮ ಸತ್ತಾಗ ಮಣ್ಣಿಗೂ ಹೋಗದ ಅಣ್ಣ ಒಬ್ಬ ಉಂಟಲ್ಲ...”

“ಅದು ಬರೀ ಉದಾಹರಣೆ!”

“ಆಯ್ತು. ಯಾಕೆ ಹೋಗ್ಲಿಲ್ಲ ಅವ?”

ಮಾಸ್ತರರು ಬಾಯಿ ತೆರೆದರು. ‘ಅವ’ ಎಂದು ಶುರುವಾದ ಮಾತು ನಡುವೆಲ್ಲೋ ‘ನಾನು’ ಆಯಿತು. ಆಮೇಲೆ ಬರುತ್ತಲೇ ಇತ್ತು.

ಅವರು ಎದ್ದು ಬರುವಷ್ಟರಲ್ಲಿ ಹಿಂದಿದ್ದವರೆಲ್ಲ ಗೊಣಗುತ್ತಿದ್ದರು. ಜಪಸರ ಹಿಡಿದು ಬೆಂಚಿನಲ್ಲಿ ಕೂತಿದ್ದ ಆ ಅಜ್ಜಿಯ ಬಳಿ ಹೋಗಿ, ಬಂದಾಗಿನ ಅದೇ ಸಿಟ್ಟಿನಲ್ಲಿ ಕೇಳಿದರು:

“ಮುಂದಿನ ವಾರ ಲೈನ್ ಎಷ್ಟು ಗಂಟೆಗೆ ಶುರುವಾಗ್ತದೆ?”