ಚಪ್ಪಲಿ ಕಾಯುವ ಹುಡುಗಿ

ಗದಗಿನ ಒಂದು ಶಾಲೆಯಲ್ಲಿ ಕ್ರೀಡಾ ದಿನ. ಮೈದಾನದ ತುಂಬಾ ಧೂಳು, ಸೀಟಿ, ಮಕ್ಕಳ ಕೇಕೆ...

ಬೇವಿನ ಮರದ ಕೆಳಗೆ ಮಾತ್ರ ಆರನೇ ಕ್ಲಾಸಿನ ಭೂಮಿಕಾ ಒಬ್ಬಳೇ ಕೂತಿದ್ದಳು. ಸುತ್ತ ಗೆಳತಿಯರ ಚಪ್ಪಲಿ, ನೀರಿನ ಬಾಟಲಿ. ಅವನ್ನು ಕಾಯುವುದೇ ಅವಳ ಆಟ.

ಹಾಗೆ ಕೂರಿಸಿದ್ದು ಬೇರೆ ಯಾರೂ ಅಲ್ಲ... ಅವಳ ತಾಯಿ ಶಶಿಕಲಾ.

ಮಗಳಿಗೆ ಚಿಕ್ಕಂದಿನಲ್ಲಿ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಯ ಮಂಚದ ಮೇಲೆ ಆ ಪುಟ್ಟ ಎದೆ ಏರಿಳಿದದ್ದು ತಾಯಿಯ ಕಣ್ಣಿಂದ ಇನ್ನೂ ಹೋಗಿರಲಿಲ್ಲ.

"ಪೂರ್ತಿ ಅರಾಮ ಆಗ್ಯಾಳ, ಇನ್ನ ಆಡಾಕ ಬಿಡ್ರಿ" ಎಂದು ಡಾಕ್ಟರು ಎಂದೋ ಹೇಳಿದ್ದರು. ಆದರೂ ಪಿ.ಟಿ. ಟೀಚರ್ ಮುಂದೆ ಶಶಿಕಲಾಳದು ಒಂದೇ ಮಾತು...

"ಓಡಸಬ್ಯಾಡ್ರಿ ಟೀಚರ್... ಆಕಿಗೆ ದಮ್ಮು ಹತ್ತತೈತಿ."

ಕೂತು ಕೂತು ಮಗಳು ದಪ್ಪಗಾದಳು. ಮೆಟ್ಟಿಲು ಹತ್ತಿದರೂ ಏದುಸಿರು. ಅದನ್ನು ನೋಡಿ ತಾಯಿಯ ಹೆದರಿಕೆ ಇನ್ನಷ್ಟು ಗಟ್ಟಿಯಾಯಿತು.

ಅಂದು ಕೊನೆಗೆ ತಾಯಂದಿರ ಖೋ ಖೋ. ಒಂದು ತಂಡಕ್ಕೆ ಒಬ್ಬರು ಕಮ್ಮಿ ಬಿದ್ದರು.

"ಏ ಶಶಿಕಲಾ, ಬಾರವ್ವಾ! ಸೀರಿ ನಿರಿಗಿ ಮುದ್ದಿ ಆಗ್ತಾವಂತ ಹೆದರತಿ ಏನ?" ಪಕ್ಕದ ಮನೆಯ ಗಂಗವ್ವ ಕೂಗಿದಳು.

ಶಶಿಕಲಾ ಸೆರಗು ಸೊಂಟಕ್ಕೆ ಬಿಗಿದಳು. ಹೈಸ್ಕೂಲಿನಲ್ಲಿ ಅವಳು ಖೋ ಖೋ ಆಡಿದವಳು. ಮದುವೆಯಾದ ಮೇಲೆ ಯಾರೂ ಕೇಳಿರಲಿಲ್ಲ... ಅವಳೂ ಹೇಳಿರಲಿಲ್ಲ.

ಸಾಲಿನಲ್ಲಿ ಕೂತವಳ ಬೆನ್ನಿಗೆ ಕೈ ಬಿತ್ತು. "ಖೋ!"

ಕಾಲುಗಳಿಗೆ ಎಲ್ಲ ನೆನಪಿತ್ತು. ಓಡಿದಳು, ಕಂಬ ಸುತ್ತಿದಳು, ಒಬ್ಬಳನ್ನು ಔಟ್ ಮಾಡಿ ಮಣ್ಣಿಗೆ ಬಿದ್ದಳು... ನಗುತ್ತಲೇ ಎದ್ದಳು.

ಆಟ ಮುಗಿದಾಗ ಬೇವಿನ ಕೆಳಗೆ ಕುಸಿದು ಕೂತಳು. ಎದೆ ತಿದಿಯಂತೆ ಏರಿಳಿಯುತ್ತಿತ್ತು.

ಭೂಮಿಕಾ ಗಾಬರಿಯಿಂದ ನೀರು ಹಿಡಿದಳು. "ಮಮ್ಮಿ, ನಿನಗೂ ದಮ್ಮು ಹತ್ತೈತಿ! ಟೀಚರ್‌ನ ಕರೀಲಿ?"

"ಹುಚ್ಚಿ... ಓಡಿದ್ರ ಎಲ್ಲಾರಿಗೂ ಹತ್ತತೈತಿ. ನೋಡ್ತಿರು, ತಾನ ಇಳೀತೈತಿ."

ಮಗಳು ತಾಯಿಯ ಎದೆಯ ಮೇಲೆ ಅಂಗೈ ಇಟ್ಟಳು. ಉಸಿರು ಮೆಲ್ಲಗೆ ಇಳಿಯಿತು...

"ಹಂಗಾರ... ನಂಗ ಜಡ್ಡ ಇಲ್ಲ ಮಮ್ಮಿ? ನಾ ಓಡಿದ್ರ ಸಾಯೂದಿಲ್ಲ?"

ಶಶಿಕಲಾ ಎದೆಯ ಮೇಲಿದ್ದ ಆ ಅಂಗೈಯನ್ನು ಹಿಡಿದುಕೊಂಡಳು. ಈ ಕೂಸು ಇಷ್ಟು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ಚಪ್ಪಲಿ ಕಾದಿತ್ತೇ? ಭಯ ತನ್ನದು... ಹೊತ್ತದ್ದು ಮಗಳು.

ಕಣ್ಣು ತುಂಬಿ ಬಂದವು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಇಲ್ಲ ನನ್ನವ್ವಾ... ನಿನಗೇನೂ ಆಗಿಲ್ಲ. ಹೆದರಿಕಿ ಜಡ್ಡ ನನಗಿತ್ತು. ಇವತ್ತ ಚಪ್ಪಲಿ ನಾ ಕಾಯ್ತೀನಿ."

ಅವಳನ್ನು ಮೈದಾನದ ಕಡೆ ತಿರುಗಿಸಿ, ಬೆನ್ನು ತಟ್ಟಿದಳು.

"ಖೋ!"

ಭೂಮಿಕಾ ಮೊದಲು ನಡೆದಳು... ಆಮೇಲೆ ಓಡಿದಳು. ಎರಡೂ ಜಡೆ ಬೆನ್ನಿಗೆ ಬಡಿಯುತ್ತಿದ್ದವು.

ಅರ್ಧ ಮೈದಾನದಲ್ಲಿ ನಿಂತು, ಮೊಣಕಾಲು ಹಿಡಿದು ಏದುಸಿರು ಬಿಟ್ಟಳು. ಶಶಿಕಲಾಳ ಜೀವ ಬಾಯಿಗೆ ಬಂತು. ಏಳಬೇಕೆಂದುಕೊಂಡಳು... ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಮಗಳು ತಿರುಗಿ, ಮುಖವೆಲ್ಲ ನಗುವಾಗಿ ಕೂಗಿದಳು.

"ಮಮ್ಮೀ... ಇಳೀತು!"

ಮತ್ತೆ ಓಡಿದಳು.

ಮಕ್ಕಳನ್ನು ಕೂರಿಸಿ ಕಾಯುವುದಷ್ಟೇ ಪ್ರೀತಿಯಲ್ಲ... ಬೆನ್ನು ತಟ್ಟಿ ಎಬ್ಬಿಸುವುದೂ ಪ್ರೀತಿಯೇ.

ನಿಮ್ಮ ಮಗು ಕೊನೆಯ ಸಲ ಬೆವರು ಸುರಿಸಿಕೊಂಡು, ನಗುತ್ತಾ ಮನೆಗೆ ಬಂದದ್ದು ಯಾವಾಗ?