ಚೇಂಬರಿನಿಂದ ಬಂದ ಜಡೆ

ಸೊಸೆ ಅಂಗಳದ ಒಳಚರಂಡಿ ಚೇಂಬರಿನಿಂದ ಸರಳನ್ನು ಎಳೆದಾಗ, ಅದರ ತುದಿಗೆ ಉದ್ದನೆಯ ಕಪ್ಪು ಜಡೆಯಂಥದ್ದು ಸಿಕ್ಕಿಕೊಂಡು ಬಂತು.

"ನಾನು ಹೇಳಿರಲಿಲ್ವಾ? ನಿನ್ನ ಕೂದಲೇ ಕಟ್ಕೊಂಡಿರೋದು," ಎಂದರು ಅತ್ತೆ, ಮೂಗು ಮುಚ್ಚಿಕೊಂಡೇ.

ಬಚ್ಚಲು ಉಕ್ಕಿದಾಗಲೆಲ್ಲ ಇದೇ ಮಾತು. ಇವತ್ತು ತೀರ್ಮಾನವಾಗಿಬಿಡಲಿ ಎಂದು ಸೊಸೆ ಅದನ್ನು ನಲ್ಲಿಯ ಕೆಳಗೆ ಹಿಡಿದಳು. ಕೊಚ್ಚೆಯೆಲ್ಲ ತೊಳೆದುಹೋಗಿ ಬೇರುಗಳು ಕಂಡವು.

ಅತ್ತೆ ತಿರುಗಿ ಚೇಂಬರಿನ ಪಕ್ಕದಲ್ಲೇ ಇದ್ದ ನಿಂಬೆಗಿಡವನ್ನು ನೋಡಿದರು. ನೀರು ಹಾಕದಿದ್ದರೂ ಬಿರುಬೇಸಿಗೆಯಲ್ಲಿ ನಳನಳಿಸುತ್ತಿದ್ದ ಅದನ್ನು ತಮ್ಮ ಕೈಗುಣವೆಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಒಳಗೆ ಹೋದವರು ಕೊಡಲಿ ಹಿಡಿದು ಬಂದರು.

"ಕೊಡಿ ಅತ್ತೆ, ನಾನು ಕಡೀತೀನಿ."

"ನೆಟ್ಟೋಳು ನಾನು, ಕಡಿಯೋಳೂ ನಾನೇ. ನೀನು ಪೈಪ್ ನೋಡು."